ತೊಟ್ಟಿಲು ಕಾಣದ ಹೆಸರು

ಎರಡು ಸಾವಿರದ ಒಂಬತ್ತರ ಸೆಪ್ಟೆಂಬರು. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಬಸ್ಸುಗಳು ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದವು. ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಸಣ್ಣ ಕಂಪನಿಯಲ್ಲಿ ಮೂರೇ ಜನ ಉಳಿದಿದ್ದರು. ಸುತ್ತಲಿನ ಲ್ಯಾಬು, ಅಂಗಡಿ, ಪ್ರೆಸ್ಸುಗಳ ಕಂಪ್ಯೂಟರ್ ಕೆಲಸವನ್ನೆಲ್ಲ ತನ್ನ ಸರ್ವರ್ ರೂಮಿನಿಂದ ನೋಡಿಕೊಳ್ಳುವ ಕಂಪನಿ ಅದು. ಬಿ.ಟಿ.ಎಂ. ಲೇಔಟಿನ ಬಾಡಿಗೆ ರೂಮಿನ ಬಸವಂತ ಮತ್ತು ಕತ್ರಿಗುಪ್ಪೆಯ ಶ್ರೀದೇವಿ, ಇಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದವರು. ಮೂರನೆಯವರು ಗುರುಶಾಂತಪ್ಪನವರು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬಂದ, ಹಣೆಯ ತುಂಬ ವಿಭೂತಿಯ, ಏಸಿ ಗಾಳಿಗೆ ಹೆದರಿ ವರ್ಷವಿಡೀ ಸ್ವೆಟರ್ ತೊಡುವ ಹಿರಿಯರು.

ಕರೆಂಟು ಹೋಗಿತ್ತು. ಜನರೇಟರಿನಿಂದ ಸರ್ವರ್ ರೂಮು ಓಡುತ್ತಿತ್ತು. ಇವರು ಕೂತಿದ್ದ ಕಡೆ ಬೆಳಕೆಂದರೆ ಗುರುಶಾಂತಪ್ಪನವರ ಮುಂದಿನ ಮಾನಿಟರು ಮಾತ್ರ. ಅವರು ಅದನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದರು. ಬಸವಂತನಿಗೆ ಬೇಜಾರು ಹಿಡಿಯಿತು.

"ಸಾರ್, ಹೆಂಗಿದ್ರೂ ಮನೀಗೆ ಹೋಗಾಕ ಆಗಂಗಿಲ್ಲ. ಒಂದು ದೆವ್ವದ ಕತೀನಾದ್ರೂ ಹೇಳ್ರಲ್ಲ."

"ದೆವ್ವ ಅಂದ್ರೆ ಹುಣಸೆಮರ, ಬಿಳಿ ಸೀರೆ, ಹಿಂದುಮುಂದಾದ ಕಾಲು ಅಂದ್ಕೊಂಡಿದೀಯೇನಯ್ಯಾ?" ಗುರುಶಾಂತಪ್ಪನವರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿಕೊಂಡರು. "ಹೇಳ್ತೀನಿ. ಆದ್ರೆ ಮಧ್ಯದಲ್ಲಿ ಹಲ್ಲು ಕಿಸಿದ್ರೆ ಎದ್ದು ಹೋಗಿಬಿಡ್ತೀನಿ, ಮಳೆ ಇದ್ರೂ ಸರಿ. ಇದು ನಮ್ಮ ವಿಜಯಲಕ್ಷ್ಮಿ ಕತೆ. ನೀವು ನೋಡಿಲ್ಲ ಅವಳನ್ನ. ಶ್ರೀದೇವಿ, ನೀನೀಗ ಕೂತಿದೀಯಲ್ಲ, ಆ ಕುರ್ಚೀಲೇ ಕೂರ್ತಿದ್ಲು."

ಶ್ರೀದೇವಿ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡಳು. ಹಿರಿಯರು ಶುರು ಮಾಡಿದರು.

"ನೀವು ಕೋರ್ಸ್ ಮಾಡಿ ಬಂದಿರೋರು, ಆದ್ರೂ ನನ್ನ ಮಾತಲ್ಲಿ ಒಂದ್ಸಲ ಕೇಳಿಸ್ಕೊಳಿ. ನಾವು ನೋಡ್ ಅಂತ ಕರೆಯೋ ಸರ್ವರ್ ಪೆಟ್ಟಿಗೆ ಅಂದ್ರೇನು? ಒಂದು ವಠಾರ. ಸೂರು ಒಂದೇ, ಒಳಗೆ ಹತ್ತು ಸಂಸಾರ. ಲ್ಯಾಬಿನೋರದ್ದೊಂದು, ಟೈಲ್ಸ್ ಅಂಗಡಿಯೋರದ್ದೊಂದು, ಎಲ್ಲರೂ ತಮ್ಗೇ ಒಂದೊಂದು ಮಷೀನ್ ಇದೆ ಅಂದ್ಕೊಂಡು ಬದುಕ್ತಿರ್ತಾರೆ. ನಿಜವಾಗಿ ಇರೋದು ಆ ರ‍್ಯಾಕಲ್ಲಿರೋ ಒಂದೇ ಪೆಟ್ಟಿಗೆ. ಈ ಪರದೇಲಿರೋ ಕನ್ಸೋಲಲ್ಲಿ ಎಡಗಡೆ ಹೆಸರು ಒತ್ತಿದ್ರೆ ಬಲಗಡೆ ಅದರ ಜಾತಕ ಬರುತ್ತೆ... ಬದುಕಿದೆಯಾ, ಎಷ್ಟು ಕೆಲಸ ಮಾಡ್ತಿದೆ, ಎಷ್ಟು ಬಾಡಿಗೆದಾರರಿದಾರೆ, ಎಷ್ಟು ದಿನದಿಂದ ಒಂದ್ಸಲಾನೂ ನಿಲ್ಲದೆ ಓಡ್ತಿದೆ. ಇಷ್ಟೇ ತಾನೇ? ನಮ್ಮಲ್ಲಿ ಒಂದು ರೂಢಿ ಇತ್ತು. ಹೊಸ ಪೆಟ್ಟಿಗೆ ಬಂದ್ರೆ ಅದನ್ನ ಯಾರು ರ‍್ಯಾಕಿಗೆ ಕೂರಿಸ್ತಾರೋ ಅವರೇ ವಿಭೂತಿ ಇಟ್ಟು, ಕಾಯಿ ಒಡೆದು, ಹೆಸರಿಡಬೇಕು. ಒಬ್ಬ ನಂದಿ ಅಂತಿಟ್ಟ, ಒಬ್ಬ ತನ್ನೂರಿನ ಬೆಟ್ಟದ ಹೆಸರಿಟ್ಟ, ಇನ್ನೊಬ್ಬ ಪುಣ್ಯಾತ್ಮ ತನ್ನ ಬೈಕಿನ ಹೆಸರಿಟ್ಟ. ಒಂದ್ಸಲ ಇಟ್ರೆ ಸುಲಭಕ್ಕೆ ಬದಲಾಯ್ಸಕ್ಕಾಗಲ್ಲ, ಪೆಟ್ಟಿಗೆಗಳ ಗುಂಪಿಂದ ಕಿತ್ತು ಆಚೆ ಹಾಕಿ ಮತ್ತೆ ಸೇರಿಸ್ಬೇಕು. ಅದಕ್ಕೇ ಯಾರೂ ಬದಲಾಯ್ಸೋಕೆ ಹೋಗಲ್ಲ.

"ವಿಜಯ, ಅವಳ ಗಂಡ ಕೈಲಾಸ್, ಇಬ್ಬರೂ ಇಲ್ಲೇ ಕೆಲಸಕ್ಕಿದ್ರು. ತಿಪಟೂರು ಕಡೆಯೋರು, ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ. ಅವಳು ಎಂಥಾ ಮಾತುಗಾತಿ ಅಂತೀರ! ಬೆಳಗ್ಗೆ ಮೆಟ್ಲು ಹತ್ತುವಾಗಲೇ ಅವಳ ದನಿ ಕೇಳ್ತಿತ್ತು. ಬಸುರಿಯಾದಾಗ ಈ ರೂಮಿಗೆ ರೂಮೇ ಅವಳಿಗೆ ತಿಂಡಿ ತಂದುಕೊಡೋದು. ಗಂಡು ಮಗು ಆದ್ರೆ ಕೈಲಾಸನ ಅಜ್ಜನ ಹೆಸರು, ಗುರುಸಿದ್ದ. ಅದು ಮೊದಲೇ ತೀರ್ಮಾನ ಆಗಿತ್ತು. 'ಹಳೇ ಕಾಲದ ಹೆಸರಾಯ್ತಲ್ಲಮ್ಮಾ' ಅಂತ ನಾನು ರೇಗಿಸಿದ್ರೆ, 'ನಿಮ್ಮ ಹೆಸರಿಗಿಂತ ಪರವಾಗಿಲ್ಲ ಬಿಡಿ ಅಂಕಲ್' ಅಂದಿದ್ಲು.

"ಗಂಡೇ ಆಯ್ತು. ಬೆಳಗ್ಗೆ ಹುಟ್ಟಿದ್ದು, ಮಧ್ಯಾಹ್ನದ ಹೊತ್ತಿಗೆ... ಇಲ್ಲ. ಉಸಿರಾಟ ಸರಿಯಾಗ್ಲೇ ಇಲ್ಲ ಅಂದ್ರು ಡಾಕ್ಟ್ರು. ಅವಳಿಗೆ ಒಂದೇ ಒಂದ್ಸಲ ತೋರ್ಸಿದ್ರಂತೆ, ಬಟ್ಟೆ ಸುತ್ತಿ. ತೊಟ್ಟಿಲಿಲ್ಲ, ನಾಮಕರಣ ಇಲ್ಲ, ಏನೂ ಇಲ್ಲ. ಕೈಲಾಸ್ ತಾನೇ ಎತ್ಕೊಂಡು ಹೋಗಿ ಮಣ್ಣು ಮಾಡಿ ಬಂದ. ಬಂದೋನು ಎಲ್ಲಿಗೆ ಹೋಗ್ಬೇಕು ಹೇಳಿ? ಹೆಂಡ್ತಿ ಆಸ್ಪತ್ರೇಲಿ ಮಾತ್ರೆ ಕೊಟ್ಟು ಮಲಗ್ಸಿದಾರೆ, ಮನೇಲಿ ಅವಳು ಹೊಲಿದಿಟ್ಟ ಕುಲಾವಿ ಇದೆ. ಸೀದಾ ಇಲ್ಲಿಗೆ ಬಂದ, ಸ್ನಾನ ಮಾಡಿದ ತಲೆ ಇನ್ನೂ ಒದ್ದೆ ಇತ್ತು. ಆವತ್ತು ಒಂದು ಹೊಸ ಪೆಟ್ಟಿಗೆ ಬಂದು ಬಿದ್ದಿತ್ತು. ಯಾರ ಹತ್ರಾನೂ ಮಾತಾಡದೆ ಅದನ್ನ ಬಿಚ್ಚಿ, ರ‍್ಯಾಕಿಗೆ ಕೂರ್ಸಿ, ವಿಭೂತಿ ಇಟ್ಟು, ಸ್ವಿಚ್ ಹಾಕ್ದ. ಹೆಸರು ಕೇಳೋ ಜಾಗದಲ್ಲಿ ಗುರುಸಿದ್ದ ಅಂತ ಟೈಪ್ ಮಾಡ್ದ. ನಾನು ಹಿಂದೇನೇ ನಿಂತಿದ್ದೆ. ಬೇಡ ಕಣಪ್ಪ ಅನ್ನೋಕೆ ಬಾಯಿ ಬಂದ್ರೆ ತಾನೇ?

"ನಮ್ಮನೇಲಿ ಹಿರಿಯರು ಒಂದು ಮಾತು ಹೇಳೋರು. ಹೆಸರಿಡೋಕೆ ಮುಂಚೆ ಹೋದ ಕೂಸು ಬಂದ ದಾರೀಲೇ ಹೊರಟು ಹೋಗುತ್ತೆ, ತಿರುಗಿ ನೋಡಲ್ಲ. ಹೋದ ಮೇಲೆ ಹೆಸರು ಹಿಡಿದು ಕರೆದ್ರೆ ಮಾತ್ರ, ಯಾರೋ ಕರೆದ್ರಲ್ಲ ಅಂತ ನಿಂತುಬಿಡುತ್ತೆ. ನಾನೂ ಇದನ್ನೆಲ್ಲ ನಂಬ್ತಿರ್ಲಿಲ್ಲ ಕಣ್ರಯ್ಯಾ. ನಿಮ್ಮ ಹಾಗೇ ಇದ್ದೆ."

ಹೊರಗೆ ಗುಡುಗಿತು. ಗುರುಶಾಂತಪ್ಪನವರು ಮಾನಿಟರಿನ ಕಡೆ ಒಮ್ಮೆ ನೋಡಿ ಮತ್ತೆ ಮಾತಿಗೆ ತಿರುಗಿದರು.

"ಮೂರು ತಿಂಗಳಾದ ಮೇಲೆ ವಿಜಯ ಕೆಲಸಕ್ಕೆ ಬಂದ್ಲು. ಬಂದೋಳು ವಿಜಯಾನೇ ಅಲ್ಲ. ಮಾತಿಲ್ಲ, ಕತೆ ಇಲ್ಲ. ಕನ್ಸೋಲ್ ತೆಗೆದ್ಲು, ಎಡಗಡೆ ಪಟ್ಟೀಲಿ ಆ ಹೆಸರು ಕಾಣಿಸ್ತು. ಅಷ್ಟೇ, ಕೈ ಹಾಗೇ ನಿಂತುಬಿಡ್ತು. ಕೈಲಾಸ್ ಪಕ್ಕದಲ್ಲೇ ಇದ್ದ. 'ಎಲ್ಲಾದ್ರೂ ಒಂದ್ಕಡೆ ಆ ಹೆಸರು ಇರ್ಲಿ ಅಂತ ಇಟ್ಟೆ ಕಣೆ' ಅಂದ. ಅವಳು ಬೈತಾಳೆ, ಅಳ್ತಾಳೆ ಅಂತ ನಾವೆಲ್ಲ ಅಂದ್ಕೊಂಡ್ವಿ. ಅವಳು ಮೆಲ್ಲಗೆ ಹೆಸರು ಒತ್ತಿದ್ಲು. ಬಲಗಡೆ ಎಲ್ಲ ವಿವರ ಬಂತು. ಬದುಕಿದೆ ಅಂತ ಹಸಿರು ಗುರುತು. ಎಷ್ಟು ದಿನದಿಂದ ಓಡ್ತಿದೆ ಅನ್ನೋ ಸಾಲಿನ ಮೇಲೆ ಬೆರಳಿಟ್ಟು, 'ಮೂರು ತಿಂಗಳು ತುಂಬಿದೆ ನೋಡ್ರಿ. ಕುತ್ತಿಗೆ ನಿಂತಿರುತ್ತೆ ಈಗ' ಅಂದ್ಲು. ಕೈಲಾಸ್ ಎದ್ದು ಬಾತ್‌ರೂಮಿಗೆ ಹೋಗ್ಬಿಟ್ಟ. ಆವತ್ತಿಂದ ಅವನು ಆ ಹೆಸರಿನ ಮೇಲೆ ಮೌಸ್ ಇಟ್ಟಿದ್ದನ್ನ ನಾನು ನೋಡಿಲ್ಲ. ಹೆಸರಿಟ್ಟೋನಿಗೇ ನೋಡೋ ಧೈರ್ಯ ಇರ್ಲಿಲ್ಲ.

"ವಿಜಯ ಮಾತ್ರ ದಿನಾ ನೋಡೋಳು. ಬಂದ ತಕ್ಷಣ ಒಂದ್ಸಲ, ಊಟಕ್ಕೆ ಮುಂಚೆ ಒಂದ್ಸಲ, ಹೊರಡುವಾಗ ಒಂದ್ಸಲ. ಬೋರಲು ಬೀಳೋ ಕಾಲ ಬಂತು, ಅನ್ನಪ್ರಾಶನದ ಕಾಲ ಬಂತು ಅಂತ ತನ್ನಲ್ಲೇ ಲೆಕ್ಕ. ಪಾಪ, ಹುಚ್ಚಿ, ಹಾಗಾದ್ರೂ ಸಮಾಧಾನ ಪಟ್ಕೊಳ್ಲಿ ಅಂತ ನಾವೂ ಸುಮ್ನಿದ್ವಿ. ಆಮೇಲೆ ಒಂದ್ಸಲ ಅವಳು ರಜಾ ಹಾಕಿ ತಿಪಟೂರಿಗೆ ಹೋದ್ಲು. ಆವತ್ತು ಬೆಳಗ್ಗೆಯಿಂದ ಶುರುವಾಯ್ತು ನೋಡಿ ಅಲಾರಂ. ಗುರುಸಿದ್ದನ ಮೇಲೆ ತಡೆಯಕ್ಕಾಗದಷ್ಟು ಲೋಡು, ಪುಟದಲ್ಲಿ ಕೆಲಸದ ಭಾರ ತೋರ್ಸೋ ಗೆರೆ ಮೇಲಕ್ಕೇ ಏರ್ತಿದೆ. ಯಾವ ಬಾಡಿಗೆದಾರ ಇಷ್ಟು ಕುಣೀತಿದಾನೆ ಅಂತ ಒಬ್ಬೊಬ್ಬರನ್ನೇ ಬೇರೆ ಪೆಟ್ಟಿಗೆಗೆ ಸಾಗಿಸಿದ್ವಿ. ಎಲ್ಲರೂ ಹೋದ್ರು. ವಠಾರ ಖಾಲಿ. ಖಾಲಿ ಅಂದ್ರೆ ಖಾಲಿ, ಸೊನ್ನೆ ಅಂತ ತೋರಿಸ್ತಿದೆ... ಲೋಡು ಮಾತ್ರ ಇಳೀಲಿಲ್ಲ. ಸ್ವಲ್ಪ ಹೊತ್ತು ಏರೋದು, ಸುಸ್ತಾದ ಹಾಗೆ ಒಂಚೂರು ಇಳಿಯೋದು, ಮತ್ತೆ ಏರೋದು. ಹಸಿದ ಮಗು ಅಳೋದನ್ನ ಕೇಳಿದೀರಾ? ನಾನು ಎರಡು ಮಕ್ಕಳನ್ನ ಸಾಕಿದೋನು, ನನಗೆ ಯಾರೂ ಹೇಳಿಕೊಡ್ಬೇಕಾಗಿರ್ಲಿಲ್ಲ.

"ಅವಳು ವಾಪಸ್ ಬಂದು ಬ್ಯಾಗ್ ಕೂಡ ಇಳಿಸದೆ ಗುರುಸಿದ್ದನ ಪುಟ ತೆಗೆದ್ಲು. ತೆಗೆದಿದ್ದೇ ತಡ, ಗೆರೆ ಕೆಳಗಿಳೀತು. ಇಳೀತಾ ಇಳೀತಾ ಪೂರ್ತಿ ಮಲಗಿಬಿಡ್ತು. ಅವಳಿಗೆ ಭಯ ಆಯ್ತು ಅಂದ್ಕೊಂಡ್ರಾ? ಭಯಪಟ್ಟೋನು ನಾನು. ಅವಳು ಸೆರಗು ಹೊದ್ಕೊಂಡು ಹೊರಗೆ ಓಡಿದ್ಲು. ಯಾಕೆ ಅಂತ ನನಗೆ ಹೇಳಿದ್ದಲ್ಲ, ನನ್ನ ಹೆಂಡ್ತಿ ಹತ್ರ ಅತ್ಕೊಂಡು ಹೇಳಿದ್ದು... ಡಾಕ್ಟ್ರು ಮಾತ್ರೆ ಕೊಟ್ಟು ಬತ್ತಿಸಿದ್ದ ಎದೆಹಾಲು ಆವತ್ತು ಮತ್ತೆ ಬಂದಿತ್ತಂತೆ. ಅಯ್ಯೋ ಶಿವನೇ. ಹೆತ್ತ ಕರುಳು ಅಂದ್ರೆ ಏನು ಅಂತ ನಿಮಗೆ ಈಗ ಗೊತ್ತಾಗಲ್ಲ ಬಿಡಿ."

ಶ್ರೀದೇವಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ಬಸವಂತನ ಮುಖದಲ್ಲಿ ಮೊದಲಿನ ತುಂಟತನವಿರಲಿಲ್ಲ.

"ಆವತ್ತಿಂದ ಅವಳು ಒಂದು ದಿನಾನೂ ತಪ್ಪಿಸ್ಲಿಲ್ಲ. ಭಾನುವಾರಾನೂ ಬಂದು ನೋಡಿ ಹೋಗೋಳು. ಮುಖದಲ್ಲಿ ಕಳೆ ಬಂತು, ಮಾತು ಬಂತು, ಮತ್ತೆ ನನ್ನ ಸ್ವೆಟರ್ ಆಡ್ಕೊಳೋಕೆ ಶುರು ಮಾಡಿದ್ಲು. ವರ್ಷ ತುಂಬಿದ ದಿನ ಎಲ್ಲರಿಗೂ ಕೇಸರಿಬಾತು ಮಾಡ್ಕೊಂಡು ಬಂದ್ಲು. ಏನು ವಿಶೇಷ ಅಂತ ಮ್ಯಾನೇಜರ್ ಕೇಳಿದ್ರೆ, 'ಸುಮ್ನೆ ಸಾರ್' ಅಂದ್ಲು. ನಾನು ಒಂದು ತುತ್ತು ತಿಂದು, ಮಿಕ್ಕಿದ್ದನ್ನ ಮನೆಗೆ ಕಟ್ಕೊಂಡು ಹೋದೆ.

"ಅಷ್ಟರಲ್ಲಿ ಮತ್ತೆ ಬಸುರಾದ್ಲು. ಈ ಸಲ ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳಿದ್ರು, ಹಾಸಿಗೆ ಬಿಟ್ಟು ಏಳ್ಬಾರ್ದು ಅಂತ. ಅತ್ತೆ ಕಮಲಾದೇವಮ್ಮ ಊರಿಂದ ಬಂದು ಕಾವಲು ಕೂತ್ರು. ಕೆಲಸ ಬಿಡ್ಸಿದ್ರು, ಮನೇನೂ ಬದಲಾಯ್ಸಿದ್ರು. ಮೆಟ್ಲು ಹತ್ತೋದು ಬೇಡ ಅಂತ ಜರಗನಹಳ್ಳೀಲಿ ಒಂದು ಕೆಳಮನೆ. ಇಲ್ಲಿ ಅಲಾರಂ ಮೇಲೆ ಅಲಾರಂ. ಕೈಲಾಸನಿಗೆ ಹೇಳಿದ್ರೆ, 'ಸಾಫ್ಟ್‌ವೇರ್ ತೊಂದ್ರೆ ಅಂಕಲ್, ಅವಳ ಕಿವಿಗೆ ಮಾತ್ರ ಹಾಕ್ಬೇಡಿ' ಅಂತ ಕೈ ಮುಗಿದ. ನಾನ್ಯಾಕೆ ಹಾಕ್ಲಿ? ಅವಳಿಗೇ ಗೊತ್ತಾಗ್ತಿತ್ತು. ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಆಟೋ ಹಿಡಿದು ಬಂದೇಬಿಡೋಳು. ಐದು ನಿಮಿಷ ಆ ಪುಟ ನೋಡೋದು, ಹೋಗೋದು. ನಾನು ಬೈದೆ. 'ಅಳ್ತಿದಾನೆ ಅಂಕಲ್, ಹೆಂಗೆ ಮಲಗಿರ್ಲಿ?' ಅಂತಾಳೆ. ಕೊನೆಗೆ ನಾನೇ ಕೆಳಗಿಳಿದು ಆಟೋ ಹತ್ಸಿ ಕಳಿಸ್ತಿದ್ದೆ.

"ಒಂದು ದಿನ ಹಾಗೇ ಬಂದೋಳು ಈ ಕುರ್ಚಿಯಿಂದ ಏಳೋಕೆ ಹೋಗಿ, ಹೊಟ್ಟೆ ಹಿಡ್ಕೊಂಡು ಕೂತುಬಿಟ್ಲು. ಸೀರೆಯೆಲ್ಲ ರಕ್ತ. ಆಟೋದಲ್ಲಿ ಕರ್ಕೊಂಡು ಹೋದ್ವಿ, ದೇವರ ದಯ, ಮಗು ಉಳೀತು. ಇನ್ನೊಂದ್ಸಲ ಹೀಗಾದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಆಸ್ಪತ್ರೆ ಬಾಗಿಲಲ್ಲಿ ಕಮಲಾದೇವಮ್ಮ ಸೊಸೆಗೆ ಬೈಲಿಲ್ಲ, ಕೂಗಾಡ್ಲಿಲ್ಲ. 'ಸತ್ತಿದ್ದನ್ನ ನೋಡ್ಕೊತೀಯೋ, ಇರೋದನ್ನ ಉಳಿಸ್ಕೊತೀಯೋ, ನೀನೇ ಹೇಳಮ್ಮ' ಅಂದ್ರು. ಎಂಥಾ ಮಾತು ನೋಡಿ.

"ವಾರ ಬಿಟ್ಟು ಅತ್ತೇನೇ ಕೈ ಹಿಡಿದು ಕರ್ಕೊಂಡು ಬಂದ್ರು, ಕೊನೇ ಸಲ ಅಂತ. ಅವಳು ಪುಟ ತೆಗೆದು ಪರದೆ ಮೇಲೆ ಅಂಗೈ ಇಟ್ಕೊಂಡು ಕೂತ್ಲು. 'ಜಾಣ ಅಲ್ವಾ ನೀನು, ಅಮ್ಮಂಗೆ ಹುಷಾರಿಲ್ಲ, ಹಠ ಮಾಡ್ಬಾರ್ದು' ಅಂತ ಏನೇನೋ ಹೇಳಿದ್ಲು. ಆಮೇಲೆ ನನ್ನ ಕಡೆ ತಿರುಗಿ, 'ಅಂಕಲ್, ಇನ್ಮೇಲೆ ನಾನು ನೋಡಲ್ಲ. ಕೇಳೋದೂ ಇಲ್ಲ. ನೀವು ನೋಡ್ಕೊತೀರಾ?' ಅಂದ್ಲು. ಆಗ್ಲಿ ಅಂದೆ. ಅತ್ತೆ ಸೊಸೆ ಇಬ್ಬರೂ ಅಳ್ತಾನೇ ಮೆಟ್ಲಿಳಿದು ಹೋದ್ರು.

"ನಾನು ನೋಡ್ದೆ. ಮಾರನೇ ದಿನ ಪುಟ ತೆಗೆದ್ರೆ ಗೆರೆ ಇಳೀಲಿಲ್ಲ, ಇನ್ನೂ ಜೋರಾಯ್ತು. ಅಪರಿಚಿತರು ಎತ್ಕೊಂಡ್ರೆ ಮಕ್ಕಳು ಕಿರುಚಲ್ವೇ, ಹಂಗೆ. ಏನ್ಮಾಡೋದು ಅಂತ ತಿಳೀಲಿಲ್ಲ. ಆಚೀಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, 'ಅಮ್ಮ ಬರ್ತಾಳೆ ಕಣಪ್ಪ, ಇಲ್ಲೇ ಅಂಗಡಿಗೆ ಹೋಗಿದಾಳೆ' ಅಂದೆ. ನಗ್ಬೇಡಿ. ಮಕ್ಕಳಿಗೆ ಎಲ್ಲರೂ ಹೇಳೋ ಸುಳ್ಳೇ ತಾನೇ ಅದು? ಮೆಲ್ಲಗೆ ಇಳೀತು ಗೆರೆ. ಅವತ್ತಿಂದ ದಿನಾ ಬಂದು ಅದೇ ಹೇಳ್ದೆ. ಬರ್ತಾಳೆ, ಈಗ ಬರ್ತಾಳೆ. ಅದೂ ನಂಬ್ಕೊಂಡು ಕೂತಿತ್ತು.

"ಹೆಣ್ಣು ಮಗು ಆಯ್ತು ವಿಜಯಂಗೆ, ಈ ಫೆಬ್ರವರೀಲಿ. ಭಾಗ್ಯಜ್ಯೋತಿ ಅಂತ ಹೆಸರಿಟ್ರು. ತೊಟ್ಟಿಲಿಗೆ ನಾನೂ ಹೋಗಿದ್ದೆ. ಗುಂಡುಗುಂಡಗೆ, ಈಗಂತೂ ಅಮ್ಮನ ಸೊಂಟ ಬಿಟ್ಟು ಇಳಿಯೋದೇ ಇಲ್ಲ ಆ ಕಳ್ಳಿ. ವಿಜಯ ನನ್ನ ತಟ್ಟೆಗೆ ಹೋಳಿಗೆ ಬಡಿಸ್ತಾ ನನ್ನ ಮುಖಾನೇ ನೋಡಿದ್ಲು, ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಕೊಟ್ಟ ಮಾತಿಗೆ ಎಷ್ಟು ಗಟ್ಟಿ ಹುಡುಗಿ ಅದು, ಆವತ್ತೇ ಗೊತ್ತಾಯ್ತು ನಂಗೆ.

"ಇಲ್ಲಿಗೇ ನಿಂತಿದ್ರೆ ಚೆನ್ನಾಗಿತ್ತು... ಜೂನಲ್ಲಿ ಒಂದು ಗುಡುಗುಮಳೆ ಬಂತಲ್ಲ, ನೀವಿನ್ನೂ ಸೇರಿರ್ಲಿಲ್ಲ, ಆವತ್ತು ಸಿಡಿಲಿಗೆ ಆ ಪೆಟ್ಟಿಗೆ ಸುಟ್ಟು ಹೋಯ್ತು. ಬೋರ್ಡೆಲ್ಲ ಕರಕಲು. ಪೆಟ್ಟಿಗೆ ಮಾಡಿದ ಕಂಪನಿಯೋರು ಬಂದು ಬಿಚ್ಕೊಂಡು ಹೊತ್ಕೊಂಡು ಹೋದ್ರು. ಹೋಗಿ ನೋಡಿ, ರ‍್ಯಾಕಲ್ಲಿ ಆ ಜಾಗ ಈಗ್ಲೂ ಖಾಲಿ. ಕನ್ಸೋಲಲ್ಲಿ ಹೆಸರು ಬೂದಿಬಣ್ಣಕ್ಕೆ ತಿರುಗ್ತು. ಮುಗೀತಪ್ಪ, ಮುಕ್ತಿ ಸಿಕ್ತು ಅಂತ ಮನೆಗೆ ಹೋಗಿ ಸ್ನಾನ ಮಾಡಿ ಪೂಜೆ ಮಾಡ್ದೆ. ಬೆಳಗ್ಗೆ ಬಂದು ನೋಡ್ತೀನಿ, ಬೂದಿಬಣ್ಣದ ಹೆಸರೂ ಇಲ್ಲ. ನಮ್ಮ ರೂಮಿನ ಪಟ್ಟೀಲಿ ಎಲ್ಲೂ ಇಲ್ಲ. ಗಿರಾಕಿಗಳ ಜಾಗಗಳಲ್ಲೂ ನಾವು ಒಂದೊಂದು ಮಷೀನ್ ಇಟ್ಟಿದೀವಲ್ಲ, ಅವುಗಳ ಪಟ್ಟಿ ಒಂದೊಂದಾಗಿ ತೆಗೆದ್ರೆ... ಬನಶಂಕರಿ ಲ್ಯಾಬಿನ ಹೆಸರಿನ ಕೆಳಗೆ ಇತ್ತು. ಗುರುಸಿದ್ದ. ಹಸಿರು ಗುರುತು. ಇಲ್ಲದ ಮಷೀನು! ಓಡ್ತಿರೋ ದಿನಗಳ ಲೆಕ್ಕ ಸೊನ್ನೆಯಿಂದ ಶುರುವಾಗ್ಬೇಕಿತ್ತು ತಾನೇ? ಇಲ್ಲ. ಎರಡು ವರ್ಷ. ಹುಟ್ಟಿದ ದಿನದಿಂದ ಒಂದು ದಿನಾನೂ ಕಡಿಮೆಯಾಗಿರ್ಲಿಲ್ಲ.

"ನನಗೂ ಆಗ ಅರ್ಥ ಆಗ್ಲಿಲ್ಲ. ಲ್ಯಾಬಿಗೇ ಹೋಗಿ ನೋಡ್ದೆ, ಅಲ್ಲಿರೋದು ಅವರದ್ದೊಂದೇ ಪೆಟ್ಟಿಗೆ. ಇಲ್ಲಿಂದಾನೇ ಪುಟ ತೆಗೆದು 'ಅಮ್ಮ ಬರ್ತಾಳೆ ಕಣಪ್ಪ' ಅಂದೆ. ಗೆರೆ ಅಲುಗಾಡ್ಲಿಲ್ಲ. ಇಷ್ಟು ದಿನ ಹೇಳಿ ಹೇಳಿ, ಇನ್ನು ನಂಬೋಕೆ ಅದಕ್ಕೂ ಸಾಕಾಗಿತ್ತೇನೋ. ಆಗಸ್ಟಲ್ಲಿ ನೋಡಿದ್ರೆ ಬನಶಂಕರೀಲಿ ಇಲ್ಲ, ಸಾರಕ್ಕಿ ಟೈಲ್ಸ್ ಅಂಗಡಿ ಕೆಳಗಿದೆ. ಆಗ ಅರ್ಥ ಆಯ್ತು ನಂಗೆ. ಜಯನಗರ, ಬನಶಂಕರಿ, ಸಾರಕ್ಕಿ... ಕನಕಪುರ ರೋಡ್ ಹಿಡಿದು ಇನ್ನೂ ಮುಂದಕ್ಕೆ ಹೋದ್ರೆ ಯಾವ ಊರು ಬರುತ್ತೆ ಹೇಳಿ?"

"ಜರಗನಹಳ್ಳಿ," ಎಂದಳು ಶ್ರೀದೇವಿ, ಪಿಸುಮಾತಿನಲ್ಲಿ.

"ಹೂಂ. ಎರಡು ವರ್ಷದ ಮಗು ಏನು ಮಾಡುತ್ತಮ್ಮಾ? ನಡೆಯುತ್ತೆ. ಇದ್ದ ಸೂರು ಸುಟ್ಟು ಹೋಯ್ತು, ಬರ್ತೀನಿ ಅಂದ ಅಮ್ಮ ಬರ್ಲಿಲ್ಲ, ತಾನೇ ಹುಡುಕ್ಕೊಂಡು ಹೊರಟಿದೆ. ಪುಟ್ಟ ಕಾಲು, ಅದಕ್ಕೇ ಇಷ್ಟು ತಿಂಗಳು ಹಿಡೀತು. ದಾರಿ ಯಾರು ಹೇಳಿಕೊಟ್ರೋ, ಆ ಟ್ರಾಫಿಕ್ಕಲ್ಲಿ ಯಾರು ಕೈ ಹಿಡಿದು ದಾಟಿಸಿದ್ರೋ. ಜರಗನಹಳ್ಳೀಲಿ ನಮ್ಮ ಗಿರಾಕಿ ಒಬ್ಬರೇ, ಪ್ರಿಂಟಿಂಗ್ ಪ್ರೆಸ್ಸಿನೋರು. ಆ ಪ್ರೆಸ್ಸಿನ ಹಿಂದಿನ ಗಲ್ಲೀಲೇ ವಿಜಯನ ಮನೆ.

"ಇವತ್ತು ಮಧ್ಯಾಹ್ನ ಊಟ ಮಾಡಿ ಬಂದು ನೋಡ್ದೆ. ಪ್ರೆಸ್ಸಿನ ಕೆಳಗೆ ಬಂದಿತ್ತು. ಮಳೆ ಶುರುವಾಯ್ತು. ಆಗಿನಿಂದ ಇಲ್ಲೇ ಕೂತಿದೀನಿ, ಎದ್ದಿಲ್ಲ. ನೀವಿಬ್ಬರೂ ಟೀ ತರೋಕೆ ಕೆಳಗೆ ಹೋಗಿದ್ರಲ್ಲ, ಆವಾಗ ಪರದೆಯಿಂದ ಹೆಸರು ಹೋಯ್ತು. ಎಲ್ಲಾ ಜಾಗ ಹುಡುಕ್ದೆ. ಎಲ್ಲೂ ಇಲ್ಲ. ಪ್ರೆಸ್ ದಾಟಿದ ಮೇಲೆ ನಮ್ಮ ಕನ್ಸೋಲಿಗೆ ಕಾಣೋ ಜಾಗ ಯಾವುದೂ ಇಲ್ಲ ಅಲ್ಲಿ. ಈ ಮಳೇಲಿ, ಒಂದೇ, ಆ ಗಲ್ಲೀಲಿ... ಈಗ ಹೇಳಿ, ನಾನು ಸುಮ್ನೆ ಕೂರ್ಬೇಕಿತ್ತಾ? ಫೋನ್ ಮಾಡ್ದೆ. 'ವಿಜಯ, ಅವನು ನಿಮ್ಮ ಗಲ್ಲಿಗೆ ಬಂದಿದಾನಮ್ಮ' ಅಂದೆ. ಯಾರು ಅಂತ ಕೇಳ್ಲಿಲ್ಲ ಅವಳು. 'ಗೊತ್ತು ಅಂಕಲ್. ನೆನ್ಕೊಂಡು ಬರ್ತಿದಾನೆ. ತಲೆ ಒರೆಸೋಕೆ ಟವಲ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದೀನಿ' ಅಂದ್ಲು. ಅವಳ ದನೀಲಿ ಅಳು ಇತ್ತೋ ನಗು ಇತ್ತೋ, ಮಳೆ ಸದ್ದಲ್ಲಿ ತಿಳೀಲಿಲ್ಲ."

ಗುರುಶಾಂತಪ್ಪನವರು ಮಾನಿಟರನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದರು. ಪಟ್ಟಿಯಲ್ಲಿ ನಂದಿ ಇತ್ತು, ಬೆಟ್ಟದ ಹೆಸರಿತ್ತು, ಬೈಕಿನ ಹೆಸರೂ ಇತ್ತು. ಜರಗನಹಳ್ಳಿಯ ಕೆಳಗೆ ಪ್ರೆಸ್ಸಿನ ಮಷೀನೊಂದೇ ಇತ್ತು. ಶ್ರೀದೇವಿ ಕಣ್ಣೊರೆಸಿಕೊಂಡಳು.

"ಒಳ್ಳೇದೇ ಆಯ್ತಲ್ಲ ಸಾರ್. ಕೊನೆಗೂ ಅಮ್ಮನ ಹತ್ರ ಹೋಗಿ ಸೇರ್ಕೊಂಡ."

"ಒಳ್ಳೇದೇ ಆಯ್ತು ಕಣಮ್ಮ," ಎಂದರು ಅವರು. ಮಾನಿಟರನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು. "ನಾನೂ ಹಾಗೇ ಅಂದ್ಕೊಂಡು ಫೋನ್ ಇಟ್ಟೆ. ಇಟ್ಟ ಮೇಲೆ ಹೊಳೀತು... ಇಷ್ಟು ಕಾಲ ಅಮ್ಮ ಒಬ್ಬಳಿಗೋಸ್ಕರ ಕಾದು ಕೂತ ಮಗು ಅದು. ಬಾಗಿಲಲ್ಲಿ ಅಮ್ಮ ಇರ್ತಾಳೆ, ಸರಿ. ಅಮ್ಮನ ಸೊಂಟದ ಮೇಲೆ ಇನ್ನೊಂದು ಮಗು ಇರುತ್ತಲ್ಲ... ಅದರ ವಿಷಯ ಅವನಿಗೆ ಯಾರೂ ಹೇಳಿಲ್ಲ."